ಹಳೇ ಚಿಮಣಿ ಇರುವ ತೋಟದ ಮನೆಗೆ ಗ್ಯಾಸ್ ಫೈರ್‌ಪ್ಲೇಸ್: ಯಾವುದು ಹಾಕಿಸಲಿ?

ಆಲ್ದೂರು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರು ಕಡೆಯ ಕಾಫಿ ತೋಟದ ಹಳೇ ಬಂಗಲೆ. ಹಾಲ್‌ನಲ್ಲಿ ಇಟ್ಟಿಗೆ ಗಾರೆಯ ಫೈರ್‌ಪ್ಲೇಸ್ ಇದೆ. ಚಿಮಣಿ ಹೊರಗೋಡೆಗೆ ಅಂಟಿಕೊಂಡು ಹೋಗಿ ಹೆಂಚಿನ ಮೇಲೆ ಎದ್ದು ನಿಂತಿದೆ. ಇಷ್ಟು ವರ್ಷ ಮರಗಸಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿದಾಗ ಸಿಗುವ ಸೌದೆಯನ್ನೇ ಉರಿಸುತ್ತಿದ್ದೆವು. ಈಗ ಅಮ್ಮನಿಗೆ ಉಬ್ಬಸ. ಹೊಗೆ ಒಂಚೂರು ಒಳಗೆ ಬಂದರೂ ರಾತ್ರಿಯಿಡೀ ಕೆಮ್ಮುತ್ತಾರೆ. ಹಾಗಂತ ಬೆಂಕಿ ಬಿಡೋಣ ಅಂದರೆ ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ, ಹಾಸಿಗೆ ಮುಟ್ಟಿದರೂ ತಣ್ಣಗೆ ಒದ್ದೆ ಅನಿಸುತ್ತದೆ, ಬೀರುವಿನೊಳಗಿನ ಬಟ್ಟೆಗೆಲ್ಲ ಬೂಷ್ಟು. ಡಿಸೆಂಬರ್, ಜನವರಿಯ ಬೆಳಗಿನ ಚಳಿ ಬೇರೆ. ಅಮ್ಮನ ಮಂಡಿಗೆ ಬಿಸಿ ಬೇಕೇ ಬೇಕು.

ಅದಕ್ಕೆ ಸೌದೆ ಬಿಟ್ಟು ಗ್ಯಾಸ್ ಹಾಕಿಸೋಣ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಮೂರು ತರಹದ್ದು ತೋರಿಸಿದರು. ಒಂದು, ಈಗಿರುವ ಗೂಡಿನೊಳಗೇ ಬರ್ನರ್ ಇಟ್ಟು ಮೇಲೆ ಸೆರಾಮಿಕ್ ಕೊರಡು ಜೋಡಿಸುವುದು, ಮುಂದೆ ಏನೂ ಮುಚ್ಚಿರುವುದಿಲ್ಲ, ನೋಡಲು ಸೌದೆ ಬೆಂಕಿಯೇ. ಇನ್ನೊಂದು, ಮುಂದೆ ಗಾಜು ಇರುವ ಪೆಟ್ಟಿಗೆ. ಮೂರನೆಯದಕ್ಕೆ ಚಿಮಣಿಯೇ ಬೇಡವಂತೆ. "ಚಿಮಣಿ ಮುಚ್ಚಿಬಿಡಿ ಸಾರ್, ಬಿಸಿಯೆಲ್ಲ ಮನೆಯೊಳಗೇ ಉಳಿಯುತ್ತದೆ, ಒಂಚೂರೂ ವೇಸ್ಟ್ ಇಲ್ಲ" ಅಂದರು. ಕೇಳಿದಾಗ ಅದೇ ಸರಿ ಅನಿಸಿತು, ಮನೆಗೆ ಬಂದ ಮೇಲೆ ಅನುಮಾನ ಶುರುವಾಗಿದೆ.

ಹಾಲ್ 16 ಅಡಿಗೆ 18 ಅಡಿ, ಎತ್ತರ 11 ಅಡಿ, ಮೇಲೆ ಮರದ ಹಲಗೆ ಹೊಡೆದಿದೆ, ಅದರ ಮೇಲೆ ಹೆಂಚು. ಅಡುಗೆಮನೆ ಪಕ್ಕದಲ್ಲೇ, ಅಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಮನೆಯಲ್ಲಿ ಅಡುಗೆ ಗ್ಯಾಸಿನ ಎರಡನೇ ಸಿಲಿಂಡರ್ ಸುಮ್ನೆ ಕೂತಿರುತ್ತದೆ, ಅದನ್ನೇ ಇದಕ್ಕೆ ಬಳಸಬಹುದಾ? ಹಾಕಿಸಿದವರು, ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನ ಗ್ಯಾಸ್ ಫಿಟ್ಟರ್

ಮಾಡೆಲ್ ಯಾವುದು ಅಂತ ಆಮೇಲೆ ನೋಡೋಣ. ಮೊದಲು ಚಿಮಣಿ ನೋಡಿ ಸಾರ್. ಯಾವ ಗ್ಯಾಸ್ ಹಾಕಬಹುದು ಅಂತ ತೀರ್ಮಾನ ಮಾಡುವುದು ಅದೇ.

ಸೌದೆ ಉರಿಯುವಾಗ ಚಿಮಣಿ ಸರಿಯಾಗಿ ಎಳೆಯದಿದ್ದರೆ ಹೊಗೆ ಒಳಗೆ ಬರುತ್ತದೆ, ಕಣ್ಣುರಿಯುತ್ತದೆ, ಕೆಮ್ಮು ಬರುತ್ತದೆ, ನಾವೇ ಎದ್ದು ಕಿಟಕಿ ತೆಗೆಯುತ್ತೇವೆ. ಗ್ಯಾಸ್ ಹಾಗಲ್ಲ. ಉರಿದ ಗಾಳಿ ವಾಪಸ್ ರೂಮಿಗೆ ಬಂದರೂ ಕಣ್ಣಿಗೆ ಕಾಣುವುದಿಲ್ಲ. ಸಿಲಿಂಡರ್ ಲೀಕ್ ಆದರೆ ವಾಸನೆ ಬರುತ್ತದೆ, ಯಾಕೆಂದರೆ ಅದಕ್ಕೆ ಬೇಕಂತಲೇ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ಆದರೆ ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ ಬಂದ ಹಾಗೆ ಆಗುತ್ತದೆ, ವಯಸ್ಸಾದವರು ಚಳಿಗೆ ಮಂಪರು ಅಂದುಕೊಂಡು ಹಾಗೇ ಮಲಗಿಬಿಡುತ್ತಾರೆ. ಹೊಗೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಗ್ಯಾಸ್ ನಿರಪಾಯ ಅಂದುಕೊಳ್ಳಬೇಡಿ.

ಮನೆಯಲ್ಲೇ ಮಾಡುವ ಪರೀಕ್ಷೆ ಹೇಳುತ್ತೇನೆ. ಹಾಲ್‌ನ ಕಿಟಕಿ, ಬಾಗಿಲು ಎಲ್ಲ ಹಾಕಿ. ಗೂಡಿನಲ್ಲಿ ಒಂದೆರಡು ಹಾಳೆ ಸುಟ್ಟು ಚಿಮಣಿ ಸ್ವಲ್ಪ ಬಿಸಿ ಮಾಡಿ. ಆಮೇಲೆ ಗೂಡಿನ ಮೇಲಂಚಿನಲ್ಲಿ, ಮೂಲೆಯಿಂದ ಮೂಲೆಗೆ, ಹೊತ್ತಿಸಿದ ಅಗರಬತ್ತಿ ನಿಧಾನ ಆಡಿಸಿ. ಹೊಗೆಯೆಲ್ಲ ಒಳಗೆ ಎಳೆದುಕೊಂಡು ಹೋಗಬೇಕು. ಈಗ ಅಡುಗೆಮನೆ ಬಾಗಿಲು ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿ ಮತ್ತೆ ಅದನ್ನೇ ಮಾಡಿ. ಹೆಚ್ಚಿನ ಮನೆಗಳು ಫೇಲ್ ಆಗುವುದು ಇಲ್ಲೇ. ಫ್ಯಾನ್ ಹೊರಗೆ ತಳ್ಳುವ ಗಾಳಿಗೆ ಬದಲಿ ಗಾಳಿ ಎಲ್ಲಿಂದಲೋ ಬರಬೇಕಲ್ಲ, ಚಿಮಣಿಯಿಂದಲೇ ಕೆಳಗೆ ಬರುತ್ತದೆ.

ಇದಕ್ಕೆ ಮುಂಚೆ ಚಿಮಣಿ ಗುಡಿಸಿಸಿ. ಮಸಿ, ಹಕ್ಕಿ ಗೂಡು, ಜೇನು, ಉದುರಿದ ಗಾರೆ, ಏನು ಬೇಕಾದರೂ ಇರುತ್ತದೆ. ಗುಡಿಸಿದ ಮೇಲೆ ಅಟ್ಟಕ್ಕೆ ಹತ್ತಿ, ಕೆಳಗೆ ಹೊಗೆ ಹಾಕಿಸಿ, ಇಟ್ಟಿಗೆ ಸಂದಿಯಿಂದ ಎಲ್ಲಾದರೂ ಹೊರಬರುತ್ತದಾ ಅಂತ ಟಾರ್ಚ್ ಹಿಡಿದು ನೋಡಿ. ಹಳೇ ಸುಣ್ಣದ ಗಾರೆ ಒಳಗಡೆ ತಿಂದುಹೋಗಿರುತ್ತದೆ. ಹಾಗಿದ್ದರೆ ಸ್ಟೀಲ್ ಲೈನರ್, ಅಂದರೆ ಚಿಮಣಿಯೊಳಗೆ ಉದ್ದಕ್ಕೂ ಬರುವ ಸ್ಟೀಲ್ ಕೊಳವೆ, ಇಳಿಸದೆ ಯಾವ ಗ್ಯಾಸೂ ಬೇಡ.

ಚಿಮಣಿ ಬೇಡದ್ದನ್ನು ಬಿಟ್ಟುಬಿಡಿ. ಅಂಗಡಿಯವರು ಬಿಸಿಯೆಲ್ಲ ಒಳಗೇ ಉಳಿಯುತ್ತದೆ ಅಂದದ್ದು ನಿಜ, ಆದರೆ ಉರಿದದ್ದರ ಉಳಿದದ್ದೆಲ್ಲವೂ ಒಳಗೇ ಉಳಿಯುತ್ತದೆ ಅನ್ನುವುದನ್ನು ಹೇಳಲಿಲ್ಲ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಕೆಜಿ ನೀರಾವಿ, 3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. 3 ಕಿಲೋವ್ಯಾಟ್‌ನದ್ದನ್ನು ಸಂಜೆ ನಾಲ್ಕು ಗಂಟೆ ಉರಿಸಿದರೆ ಒಂದೂವರೆ ಲೀಟರ್ ನೀರನ್ನು ಹಾಲ್‌ನೊಳಗೆ ಬಿಟ್ಟ ಲೆಕ್ಕ. ಜುಲೈ ತಿಂಗಳ ಆಲ್ದೂರಿನಲ್ಲಿ! ಬಟ್ಟೆಗೆ ಹಿಡಿದ ಬೂಷ್ಟು ಗೋಡೆಗೂ ಹಿಡಿಯುತ್ತದೆ. ಚಿಮಣಿ ಬೇಡದ ಮಾಡೆಲ್‌ನಲ್ಲಿ ಮೊನಾಕ್ಸೈಡ್ ಕಡಿಮೆ ಮಾಡುವ ಕ್ಯಾಟಲಿಸ್ಟ್ ಇರುತ್ತದೆ, ಆಮ್ಲಜನಕ 18 ಪರ್ಸೆಂಟ್ ಹತ್ತಿರ ಇಳಿದರೆ ಆರಿಸುವ ಸೆನ್ಸರ್ ಕೂಡ ಇರುತ್ತದೆ, ಸರಿ. ಆದರೂ ಉಬ್ಬಸ ಇರುವವರ ರೂಮಿಗೆ ನಾನಂತೂ ಹಾಕಿಕೊಡುವುದಿಲ್ಲ.

ಅಡುಗೆ ಸಿಲಿಂಡರ್ ವಿಷಯ: ಬೇಡ. ಮನೆ ಬಳಕೆಯ 14.2 ಕೆಜಿ ಸಿಲಿಂಡರ್ ಕೊಡುವುದು ಅಡುಗೆಗೆ ಮಾತ್ರ. ಹೀಟರ್‌ಗೆ 19 ಕೆಜಿಯ ಕಮರ್ಷಿಯಲ್ ಕನೆಕ್ಷನ್ ತೆಗೆದುಕೊಳ್ಳಿ. ಅದಕ್ಕೆ ಹೋಟೆಲ್ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಮಾತ್ರ ಹಾಕಿಸಬೇಡಿ, ಒತ್ತಡವನ್ನು 30 ಮಿಲಿಬಾರ್‌ಗೆ ಇಳಿಸುವ ರೆಗ್ಯುಲೇಟರ್ ಬೇಕು.

ಲೀಡ್ಸ್‌ನಿಂದ ಮೂಡಿಗೆರೆಗೆ

ನಾನು ಇಂಗ್ಲೆಂಡಿನಲ್ಲಿ ಬಹಳ ಕಾಲ ಇದ್ದು ಈಗ ಮೂಡಿಗೆರೆಯಲ್ಲಿದ್ದೇನೆ. ಅಲ್ಲಿ ಹಳೇ ಇಟ್ಟಿಗೆ ಚಿಮಣಿಗೆ ಗ್ಯಾಸ್ ಹಾಕುವುದು ಮನೆಮನೆ ಕೆಲಸ, ಹಾಗಾಗಿ ನಿಯಮವೂ ಗಟ್ಟಿ. ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವ ಫಿಟ್ಟರ್ ಬಿಟ್ಟು ಬೇರೆಯವರು ಕೈ ಹಾಕುವ ಹಾಗಿಲ್ಲ. 2009ರಿಂದ ಆ ರಿಜಿಸ್ಟರ್ ಇದೆ, ಅದಕ್ಕೆ ಮುಂಚೆ ಕೋರ್ಗಿ ಅಂತ ಇತ್ತು. ಮೇಲಿನವರು ಹೇಳಿದ ಅಗರಬತ್ತಿ ಪರೀಕ್ಷೆಯನ್ನೇ ಅಲ್ಲಿ ಸ್ಮೋಕ್ ಮ್ಯಾಚ್ ಅನ್ನುವ ಕಡ್ಡಿ ಹಚ್ಚಿ ಮಾಡುತ್ತಾರೆ, ಬೆಂಕಿ ಹಚ್ಚಿ ಐದು ನಿಮಿಷ ಬಿಟ್ಟು, ಫ್ಯಾನ್ ಹಾಕಿ ಒಮ್ಮೆ ಆರಿಸಿ ಒಮ್ಮೆ. ಇಲ್ಲಿ ಯಾರೂ ಕೇಳುವುದಿಲ್ಲ ಅಂತ ಅದನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ನಿಮ್ಮ ಮೊದಲ ಎರಡು ಆಯ್ಕೆಗಳ ಬಗ್ಗೆ ಹೇಳುತ್ತೇನೆ. ಮುಂದೆ ತೆರೆದಿರುವ ಕೊರಡಿನ ಬೆಂಕಿ ನೋಡಲು ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಿಸಿ ಮಾಡುವುದು ಚಿಮಣಿಯನ್ನು. ಒಳಗೆ ಹೋದ ಗ್ಯಾಸಿನಲ್ಲಿ ನಾಲ್ಕರಲ್ಲಿ ಒಂದು ಪಾಲು ರೂಮಿಗೆ ಸಿಕ್ಕರೆ ದೊಡ್ಡದು. ಅಷ್ಟೇ ಅಲ್ಲ, ಗೂಡಿನ ಬಾಯಿ ಪೂರ್ತಿ ತೆರೆದಿರುವುದರಿಂದ ರೂಮಿನ ಬೆಚ್ಚಗಿನ ಗಾಳಿಯನ್ನೂ ಎಳೆದು ಮೇಲೆ ಕಳಿಸುತ್ತದೆ, ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಬೆಂಕಿ ಎದುರು ಕೂತವರ ಮುಖ ಬಿಸಿ, ಬೆನ್ನು ತಣ್ಣಗೆ. ಗಾಜಿನ ಮುಂಭಾಗ ಇರುವುದರಲ್ಲಿ ಒಳ್ಳೆಯ ಮಾಡೆಲ್ ಆದರೆ 75ರಿಂದ 80 ಪರ್ಸೆಂಟ್ ರೂಮಿಗೆ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್ ಶಾಖ. 19 ಕೆಜಿ ಸಿಲಿಂಡರ್ ಅಂದರೆ 243 ಯೂನಿಟ್. ತೆರೆದ ಬೆಂಕಿ 7 ಕಿಲೋವ್ಯಾಟ್ ಕುಡಿಯುತ್ತದೆ ಅಂದುಕೊಂಡರೆ 35 ಗಂಟೆಗೆ ಸಿಲಿಂಡರ್ ಖಾಲಿ, ರೂಮಿಗೆ ಸಿಕ್ಕಿದ್ದು ಒಂದೂವರೆ, ಒಂದೂಮುಕ್ಕಾಲು ಕಿಲೋವ್ಯಾಟ್. ಗಾಜಿನದ್ದು 4 ಕಿಲೋವ್ಯಾಟ್ ಕುಡಿದು 3 ಕಿಲೋವ್ಯಾಟ್ ಕೊಡುತ್ತದೆ, ಸಿಲಿಂಡರ್ 60 ಗಂಟೆ ಬರುತ್ತದೆ. ದಿನಕ್ಕೆ ನಾಲ್ಕು ಗಂಟೆ ಅಂದರೆ ಒಂದು ಕಡೆ ಒಂಬತ್ತು ದಿನ, ಇನ್ನೊಂದು ಕಡೆ ಹದಿನೈದು ದಿನ, ಅದೂ ಹೆಚ್ಚು ಕಡಿಮೆ ಎರಡರಷ್ಟು ಬಿಸಿಯ ಜೊತೆ. ಕಮರ್ಷಿಯಲ್ ಗ್ಯಾಸ್ ಕೆಜಿ ಲೆಕ್ಕದಲ್ಲಿ ಅಡುಗೆ ಗ್ಯಾಸಿಗಿಂತ ದುಬಾರಿ, ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

3 ಕಿಲೋವ್ಯಾಟ್ ಸಾಕಾಗುತ್ತದಾ ಅಂತ ಕೇಳಬಹುದು. ನಿಮ್ಮ ಹಾಲ್ ಸುಮಾರು 90 ಘನ ಮೀಟರ್. ಅಲ್ಲಿಯ ಅಂದಾಜಿನ ಲೆಕ್ಕದಲ್ಲಿ 90ನ್ನು 14ರಿಂದ ಭಾಗಿಸಬೇಕು, 6 ಕಿಲೋವ್ಯಾಟ್ ಚಿಲ್ಲರೆ ಬರುತ್ತದೆ. ಆದರೆ ಅದು ಹೊರಗೆ ಸೊನ್ನೆ ಡಿಗ್ರಿ ಇರುವ ಊರಿನ ಲೆಕ್ಕ. ನಮಗೆ ಹೊರಗೆ 13, 14 ಇದ್ದಾಗ ಒಳಗೆ 21 ಆದರೆ ಸಾಕಲ್ವಾ? ಹೆಂಚಿನ ಮನೆ, ಕಿಟಕಿ ಸಂದಿ ಎಲ್ಲ ಸೇರಿಸಿದರೂ 3, ಹೆಚ್ಚೆಂದರೆ 4. ದೊಡ್ಡದು ಬೇಡ, ದೊಡ್ಡದಾದಷ್ಟೂ ಅದಕ್ಕೆ ಗಾಳಿ ಜಾಸ್ತಿ ಬೇಕು.

ಗಾಜಿನದ್ದರಲ್ಲೂ ಎರಡು ತರಹ ಇದೆ, ಇದನ್ನು ಅಂಗಡಿಯವರನ್ನು ಬಿಡದೆ ಕೇಳಿ. ಒಂದು ರೂಮಿನ ಗಾಳಿಯನ್ನೇ ಎಳೆದು ಉರಿದು ಚಿಮಣಿಗೆ ಬಿಡುತ್ತದೆ. ಇನ್ನೊಂದಕ್ಕೆ ಬ್ಯಾಲೆನ್ಸ್ಡ್ ಫ್ಲೂ ಅನ್ನುತ್ತಾರೆ. ಅದರಲ್ಲಿ ಪೈಪಿನೊಳಗೆ ಪೈಪ್. ಹೊರಗಿನ ಕೊಳವೆಯಿಂದ ಹೊಸ ಗಾಳಿ ಬರುತ್ತದೆ, ಒಳಗಿನದರಿಂದ ಉರಿದದ್ದು ಹೋಗುತ್ತದೆ, ಗಾಜು ಪೂರ್ತಿ ಸೀಲ್ ಆಗಿರುತ್ತದೆ. ರೂಮಿನ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇರುವ, ಉಬ್ಬಸದವರಿರುವ ಮನೆಗೆ ನನ್ನ ಓಟು ಇದಕ್ಕೇ. ಪೈಪನ್ನು ಹೊರಗೋಡೆ ಕೊರೆದು ಸೀದಾ ಆಚೆ ಬಿಡಬಹುದು, ಕೆಲವು ಮಾಡೆಲ್‌ಗಳಿಗೆ ಹಳೇ ಚಿಮಣಿಯೊಳಗಿಂದಲೂ ಮೇಲೆ ಒಯ್ಯಬಹುದು. ಫ್ಯಾನ್ ಇಲ್ಲದೆ ತಾನೇ ಎಳೆಯುವ ಮಾಡೆಲ್ ಕೇಳಿ, ಫ್ಯಾನ್ ಇರುವುದು ಕರೆಂಟ್ ಹೋದರೆ ಆರಿಹೋಗುತ್ತದೆ.

ಕೊಳ್ಳುವ ಮುಂಚೆ ಹಿಂದಿನ ಪ್ಲೇಟ್ ಓದಿ. ಜಿ20 ಅಂತ ಇದ್ದರೆ ಅದು ನೈಸರ್ಗಿಕ ಅನಿಲಕ್ಕೆ ಮಾಡಿದ್ದು, 20 ಮಿಲಿಬಾರ್‌ಗೆ. ಅಳತೆಗೆ ಅಳತೆ ಹಿಡಿದರೆ ಎಲ್‌ಪಿಜಿಯಲ್ಲಿ ಶಾಖ ಸುಮಾರು ಎರಡೂವರೆ ಪಟ್ಟು ಜಾಸ್ತಿ, ಅದೇ ಜೆಟ್‌ಗೆ (ಗ್ಯಾಸ್ ಹೊರಬರುವ ಸಣ್ಣ ತೂತಿಗೆ) ಎಲ್‌ಪಿಜಿ ಕೊಟ್ಟರೆ ಹಳದಿ ಉರಿ ಎದ್ದು ಮಸಿ ಕಟ್ಟುತ್ತದೆ, ಮೊನಾಕ್ಸೈಡ್ ಹುಟ್ಟುತ್ತದೆ. ನಿಮಗೆ ಬೇಕಾದದ್ದು ಜಿ30, ಅಂದರೆ ಬ್ಯೂಟೇನ್, 30 ಮಿಲಿಬಾರ್. ಜಿ31 ಅಂದರೆ ಪ್ರೋಪೇನ್, 37 ಮಿಲಿಬಾರ್. "ಜೆಟ್ ಬದಲಾಯಿಸಿ ಕೊಡುತ್ತೇವೆ" ಅಂದರೆ ಕಂಪನಿಯದೇ ಕಿಟ್ ಇದೆಯಾ ಅಂತ ಕೇಳಿ. ತೂತು ಸಣ್ಣ ಮಾಡುವ ಲೋಕಲ್ ಕೆಲಸಕ್ಕೆ ಒಪ್ಪಬೇಡಿ.

ಮತ್ತೆ ಯಾವುದೇ ಹಾಕಿಸಿ, ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತನ್ನಿ. ಪೆಟ್ಟಿಗೆ ಮೇಲೆ ಇಎನ್ 50291 ಅಂತ ಇರಲಿ, ಅದು ಈ ಅಲಾರಂಗಳ ಯುರೋಪಿನ ಗುಣಮಟ್ಟ. ಗಾಳಿಯಲ್ಲಿ ಮೊನಾಕ್ಸೈಡ್ 300 ಪಿಪಿಎಂ (ಹತ್ತು ಲಕ್ಷದಲ್ಲಿ 300 ಪಾಲು) ಆದರೆ ಅದು ಮೂರು ನಿಮಿಷದೊಳಗೆ ಕೂಗಬೇಕು, ಆ ಗುಣಮಟ್ಟದ ನಿಯಮವೇ ಹಾಗಿದೆ.

ಸಕಲೇಶಪುರ ಸೌದೆ

ಎಲ್ಲರೂ ಗ್ಯಾಸ್ ಅಂತಲೇ ಮಾತಾಡುತ್ತಿದ್ದೀರಿ. ತೋಟ ಇಟ್ಟುಕೊಂಡು ಸಿಲಿಂಡರ್ ಹೊತ್ತು ತರುವುದು ಯಾಕೆ ಅಂತ ನನ್ನ ಪ್ರಶ್ನೆ. ವರ್ಷಾ ವರ್ಷ ಮರಗಸಿ ಮಾಡಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆ, ಕಿತ್ತ ಹಳೇ ಕಾಫಿ ಗಿಡದ ಬುಡ, ಎಷ್ಟು ಬೇಕು?

ಅಮ್ಮನಿಗೆ ತೊಂದರೆ ಕೊಡುತ್ತಿರುವುದು ತೆರೆದ ಗೂಡು ಮತ್ತು ಹಸಿ ಸೌದೆ. ತೆರೆದ ಗೂಡಿನಲ್ಲಿ ಸೌದೆ ಉರಿಸಿದರೆ ಶಾಖದ ಐದನೇ ಒಂದು ಪಾಲೂ ರೂಮಿಗೆ ಬರುವುದಿಲ್ಲ. ಅದೇ ಗೂಡಿನೊಳಗೆ ಗಾಜಿನ ಬಾಗಿಲಿರುವ ಬೀಡು ಕಬ್ಬಿಣದ ಸ್ಟೋವ್ ಕೂರಿಸಿ, ಅದರ ತಲೆಯಿಂದ ಸ್ಟೀಲ್ ಲೈನರ್ ಮೇಲೆ ಒಯ್ದರೆ 75 ಪರ್ಸೆಂಟ್ ಹತ್ತಿರ ಬರುತ್ತದೆ. ಒಣಗಿದ ಸೌದೆ ಕೆಜಿಗೆ ಸುಮಾರು 4 ಯೂನಿಟ್ ಶಾಖ, ಅಂದರೆ ಗಂಟೆಗೆ ಒಂದು ಕೆಜಿ ಹಾಕಿದರೆ ಮೇಲೆ ಹೇಳಿದ 3 ಕಿಲೋವ್ಯಾಟ್ ಆಯಿತು. ಆದರೆ ಸೌದೆಯ ತೇವ 20 ಪರ್ಸೆಂಟ್ ಒಳಗೆ ಇರಬೇಕು. ಈಗ ಕಡಿದ ಮರದ ಅರ್ಧ ತೂಕ ನೀರೇ. ನಮ್ಮಲ್ಲಿ ಸೀಳಿದ ಸೌದೆಯನ್ನು ಎರಡು ಬೇಸಿಗೆ ತಗಡಿನ ಕೆಳಗೆ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಅಟ್ಟಿ ಕಟ್ಟಿ ಒಣಗಿಸುತ್ತೇವೆ. ಎರಡು ತುಂಡು ಬಡಿದರೆ ಠಣ್ ಅನ್ನಬೇಕು, ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಹಾಗಿದ್ದರೆ ಚಿಮಣಿ ತುದಿಯಲ್ಲೂ ಹೊಗೆ ಕಾಣುವುದಿಲ್ಲ.

ಬಾಗಿಲು ತೆಗೆದು ಸೌದೆ ಹಾಕುವಾಗ ಒಂದು ಕ್ಷಣ ವಾಸನೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಮ್ಮನಿಗೆ ಅಷ್ಟೂ ಆಗದಿದ್ದರೆ ಗ್ಯಾಸೇ ಸರಿ, ಡಾಕ್ಟರನ್ನು ಕೇಳಿ ನೋಡಿ.

ಇನ್ನೊಂದು ಮಾತು. ಗ್ಯಾಸೋ ಸೌದೆಯೋ, ನಮ್ಮ ಘಟ್ಟದ ಅಂಚಿನ ಗಾಳಿ ಮರೆಯಬೇಡಿ. ಪಡುವಣ ಗಾಳಿ ಬೀಸಿದಾಗ ಗಿಡ್ಡ ಚಿಮಣಿ ಉಲ್ಟಾ ಊದುತ್ತದೆ. ಚಿಮಣಿ ಹೆಂಚು ತೂರಿ ಬರುವ ಜಾಗದಿಂದ ಕನಿಷ್ಠ 3 ಅಡಿ ಎತ್ತರ ಇರಬೇಕು, ಸುತ್ತ 10 ಅಡಿಯೊಳಗೆ ಇರುವ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಮೇಲಿರಬೇಕು. ಮನೆಗೆ ಒತ್ತಿಕೊಂಡು ಎತ್ತರದ ಸಿಲ್ವರ್ ಓಕ್ ಇದ್ದರೆ ಅದಕ್ಕೆ ಬಡಿದ ಗಾಳಿಯೂ ಚಿಮಣಿಗೆ ಇಳಿಯುತ್ತದೆ. ತುದಿಗೆ ಮಳೆ ಬೀಳದ ಟೋಪಿ, ಹಕ್ಕಿ ಬರದ ಜಾಲರಿ ಹಾಕಿಸಿ. ಜಾಲರಿ ಕಣ್ಣು 6 ಮಿ.ಮೀ.ಗಿಂತ ಸಣ್ಣದು ಬೇಡ, ಕಸ ಕಟ್ಟಿಕೊಂಡು ದಾರಿಯೇ ಮುಚ್ಚಿಹೋಗುತ್ತದೆ.

ಆಲ್ದೂರು ತೋಟ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಚಿಮಣಿ ಗುಡಿಸಿಸಿದೆ. ಮೇಲಿಂದ ಬಕೆಟ್‌ಗಟ್ಟಲೆ ಮಸಿ ಬಿತ್ತು, ಜೊತೆಗೆ ಒಂದು ಹಳೇ ಜೇನು ಹುಟ್ಟು ಮತ್ತು ಪುಡಿಪುಡಿಯಾದ ಗಾರೆ. ಆಮೇಲೆ ಅಗರಬತ್ತಿ ಪರೀಕ್ಷೆ ಮಾಡಿದೆವು. ಫ್ಯಾನ್ ಇಲ್ಲದಾಗ ಹೊಗೆ ಗೆರೆ ಎಳೆದ ಹಾಗೆ ಒಳಗೆ ಹೋಯಿತು. ಅಡುಗೆಮನೆ ಫ್ಯಾನ್ ಹಾಕಿದ್ದೇ ತಡ, ಎಡಗಡೆ ಮೂಲೆಯಲ್ಲಿ ಹೊಗೆ ನಿಂತಿತು, ಸ್ವಲ್ಪ ಸುತ್ತಿತು, ಆಮೇಲೆ ಸೀದಾ ಅಮ್ಮನ ಕುರ್ಚಿ ಕಡೆಗೇ ಬಂತು. ಅದನ್ನು ನೋಡಿದ ಮೇಲೆ ಮನೆಯವರಿಗೆ ಯಾರಿಗೂ ವಿವರಿಸುವ ಅಗತ್ಯವೇ ಬೀಳಲಿಲ್ಲ. ತೆರೆದ ಕೊರಡಿನ ಬೆಂಕಿ, ಚಿಮಣಿ ಇಲ್ಲದ್ದು, ಎರಡನ್ನೂ ಕೈಬಿಟ್ಟೆವು.

ಸೌದೆ ಸ್ಟೋವ್ ಮಾತು ನನಗೆ ಬಹಳ ಹಿಡಿಸಿತು. ಆದರೆ ಬಾಗಿಲು ತೆಗೆದಾಗ ಬರುವ ಹೊಗೆಯೂ ಬೇಡ ಅಂದರು ಡಾಕ್ಟರು. ಆದ್ದರಿಂದ ಬ್ಯಾಲೆನ್ಸ್ಡ್ ಫ್ಲೂ ಇರುವುದನ್ನೇ, ಜಿ30ದು, ಫ್ಯಾನ್ ಇಲ್ಲದ್ದು ಹುಡುಕುತ್ತಿದ್ದೇನೆ.

ಎರಡು ಅನುಮಾನ ಉಳಿದಿದೆ. ಸಿಲಿಂಡರ್ ಎಲ್ಲಿಡಲಿ? ಹಾಲ್ ಪಕ್ಕದ ಸ್ಟೋರ್ ನಾಲ್ಕು ಮೆಟ್ಟಿಲು ಕೆಳಗಿದೆ, ಅಲ್ಲಿ ಜಾಗ ಇದೆ. ಮತ್ತೆ ಹಳೇ ಚಿಮಣಿಯನ್ನು ಏನು ಮಾಡಲಿ, ಸಿಮೆಂಟ್ ಹಾಕಿ ಮುಚ್ಚಿಬಿಡಲಾ?

ಹಾಸನ ಗ್ಯಾಸ್ ಫಿಟ್ಟರ್

ಆ ಸ್ಟೋರ್ ಖಂಡಿತ ಬೇಡ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಲೀಕ್ ಆದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಮನೆ ಹೊರಗೆ ಇರಲಿ, ನೆಟ್ಟಗೆ ನಿಂತಿರಲಿ, ನೆಲಮಟ್ಟಕ್ಕಿಂತ ಮೇಲೆ ಕಟ್ಟೆ ಕಟ್ಟಿಸಿ, ತಲೆ ಮೇಲೆ ತಗಡು, ಮುಂದೆ ಜಾಲರಿ ಬಾಗಿಲು. ಹತ್ತಿರ ಚರಂಡಿ ಬಾಯಿ, ಕಿಟಕಿ ಇರಬಾರದು. ಫ್ಲೂ ಪೈಪಿನ ಹೊರಬಾಯಿ ಅದೇ ಗೋಡೆಗೆ ಬಂದರೆ ಸಿಲಿಂಡರನ್ನು ಬೇರೆ ಗೋಡೆಗೆ ಹಾಕಿ.

ಅಲ್ಲಿಂದ ಒಳಗೆ ತಾಮ್ರದ ಪೈಪ್, ಗೋಡೆ ದಾಟುವಲ್ಲಿ ಅದರ ಸುತ್ತ ಸ್ವಲ್ಪ ದಪ್ಪದ ಇನ್ನೊಂದು ಪೈಪ್ (ಸ್ಲೀವ್). ಉದ್ದಕ್ಕೆ ರಬ್ಬರ್ ಎಳೆಯುವ ಹಾಗಿಲ್ಲ. ಸಿಲಿಂಡರ್ ಹತ್ತಿರ ಬೇಕಾಗುವ ಸುರಕ್ಷಾ ಹೋಸ್ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಾಲ್‌ನೊಳಗೆ ಕೈಗೆಟುಕುವ ಜಾಗದಲ್ಲಿ ಒಂದು ವಾಲ್ವ್ ಇರಲಿ. ಫಿಟ್ಟರ್ ಬಂದಾಗ ಐಎಸ್ 6044 (ಎಲ್‌ಪಿಜಿ ಅಳವಡಿಕೆಯ ಭಾರತೀಯ ಮಾನದಂಡ) ಪ್ರಕಾರ ಮಾಡುತ್ತೀರಾ ಅಂತ ಕೇಳಿ, ಆ ಹೆಸರೇ ಕೇಳಿಲ್ಲ ಅಂದರೆ ಬೇರೆಯವರನ್ನು ನೋಡಿ. ಕೆಲಸ ಮುಗಿದ ಮೇಲೆ ಪ್ರೆಶರ್ ಹಾಕಿ ನಿಲ್ಲಿಸಿ ತೋರಿಸಬೇಕು, ಪೈಪಿನ ಜಾಯಿಂಟ್‌ಗಳಿಗೆಲ್ಲ ಸೋಪ್ ನೀರು ಹಚ್ಚಬೇಕು. ಗ್ಯಾಸ್ ಲೀಕ್ ಅನುಮಾನ ಬಂದರೆ 1906ಕ್ಕೆ ಫೋನ್ ಮಾಡಿ, ಆ ನಂಬರನ್ನು ಗೋಡೆ ಮೇಲೆ ಬರೆದಿಡಿ.

ಚಿಮಣಿಗೆ ಸಿಮೆಂಟ್ ಬೇಡ. ಮೇಲೂ ಕೆಳಗೂ ಬಿಗಿಯಾಗಿ ಮುಚ್ಚಿದರೆ ಒಳಗೆ ತೇವ ಕಟ್ಟಿ ಹಳೇ ಮಸಿಯ ಕಂದು ಕಲೆ ಹಾಲ್ ಗೋಡೆಗೆ ಇಳಿಯುತ್ತದೆ. ತುದಿಗೆ ಗಾಳಿಯಾಡುವ ಟೋಪಿ, ಕೆಳಗೆ ಗೂಡಿನ ಪಕ್ಕ ಒಂದು ಸಣ್ಣ ಜಾಲಿ, ಅಷ್ಟು ಸಾಕು. ಜೂನ್ ಮಳೆ ಹಿಡಿದ ಮೇಲೆ ಹೆಂಚಿನ ಮೇಲೆ ಯಾರೂ ಹತ್ತುವುದಿಲ್ಲ, ಟೋಪಿ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ.